ಸರಾಸರಿ ಮಳೆಗೆ ತೆನೆ ಕಟ್ಟದು

ರಾಗಿಗೆ ಮಳೆ ಇಲ್ಲದಿದ್ದರೂ ನಡೆಯುತ್ತದೆ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆನ್ನುವವರು ಮುದ್ದೆ ಉಂಡಿರಬಹುದು, ರಾಗಿ ಹೊಲದಲ್ಲಿ ನಿಂತವರಲ್ಲ. ತುಮಕೂರು, ಕೋಲಾರದ ಕಡೆಯ ಕೆಮ್ಮಣ್ಣಿನ ರೈತನನ್ನು ಕೇಳಿ, ಹೇಳುತ್ತಾನೆ. ಎಳೆಯ ಪೈರು ಬಾಡಿದರೂ ಒಂದು ಹದ ಮಳೆ ಬಿದ್ದರೆ ಚೇತರಿಸಿಕೊಂಡು ತೆಂಡೆ ಹೊಡೆಯುತ್ತದೆ. ತೆನೆ ಹೊರಡುವಾಗ, ಕಾಳು ಹಾಲುಗಟ್ಟುವಾಗ ನೆಲ ಒಣಗಿದರೆ ಮಾತ್ರ ಆಮೇಲೆ ಎಷ್ಟು ಸುರಿದರೂ ಹೋದ ಕಾಳು ಬಾರದು. ದೂರದಿಂದ ನೋಡಿದವರಿಗೆ ತೆನೆ ತೆನೆಯಾಗಿಯೇ ಕಾಣುತ್ತದೆ. ಕಣದಲ್ಲಿ ತೂರಿದಾಗ ಜೊಳ್ಳೆಲ್ಲ ಗಾಳಿಪಾಲು.

ಜುಲೈಯಲ್ಲಿ ಬಿತ್ತಿದ ದೀರ್ಘಾವಧಿ ರಾಗಿಗೆ ಈ ಹೊತ್ತು ಬರುವುದು ಉತ್ತರೆ, ಹಸ್ತ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದೊಳಗೆ. ಆ ಎರಡು ವಾರ ಮುಗಿಲು ಮುನಿದರೆ ಸಾಕು. ಲೆಕ್ಕದ ಪುಸ್ತಕವೋ ಬೇರೆಯೇ ಹೇಳುತ್ತದೆ. ಜಿಲ್ಲೆಯಲ್ಲಿ ಮಳೆ ಶೇಕಡಾ 19ರಷ್ಟು ಕಡಿಮೆ ಬಿದ್ದರೂ ಹವಾಮಾನ ಇಲಾಖೆಗೆ ಅದು 'ವಾಡಿಕೆ'ಯೇ. ಜೂನ್‌ನಲ್ಲಿ ಕೊಚ್ಚಿಕೊಂಡು ಹೋದ ನೀರನ್ನೂ ಸೆಪ್ಟೆಂಬರ್‌ನ ಬರಿದಾದ ಆಕಾಶವನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ. ಪೈರು ಸರಾಸರಿಯನ್ನು ಕುಡಿಯುವುದಿಲ್ಲ. ಕೇಂದ್ರದ 2016ರ ಬರ ಕೈಪಿಡಿ ಒಣ ಅವಧಿಯನ್ನು ಗಣನೆಗೆ ತೆಗೆದುಕೊಂಡಿತು, ಸರಿ. ಆದರೆ ಅದಕ್ಕೆ ಮೂರು-ನಾಲ್ಕು ವಾರಗಳ ಒಣಗು ಬೇಕು. ಅಷ್ಟು ದಿನ ಕಾಯಲು ತೆನೆಗೆ ಪುರುಸೊತ್ತೆಲ್ಲಿ?

2023ನ್ನು ನೆನೆಯಿರಿ. ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯ ವರ್ಷವೆಂದು ಸಾರಿತ್ತು. ಮೇಳಗಳಲ್ಲಿ ರಾಗಿಗೆ ಹಾರ, ತುರಾಯಿ. ಅದೇ ವರ್ಷದ ಆಗಸ್ಟ್, 1901ರಿಂದ ಇತ್ತ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಪರಿಹಾರಕ್ಕಾಗಿ ರಾಜ್ಯ 2024ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅಷ್ಟರಲ್ಲಿ ಸುಗ್ಗಿ ಕಳೆದು, ಹುಲ್ಲಿನ ಮೆದೆಯೂ ಕರಗಿ, ದನ ಸಂತೆ ಸೇರಿದ್ದವು.

ಬರ ತಾಳುವ ಬೆಳೆ ಎಂಬ ಹೊಗಳಿಕೆ ಈಗ ಕೈತೊಳೆದುಕೊಳ್ಳುವ ನೆಪವಾಗಿದೆ. ಭತ್ತಕ್ಕೆ ನಾಲೆ, ಕಬ್ಬಿಗೆ ನಾಲೆ, ರಾಗಿಗೆ ಮಾತ್ರ ಶಹಭಾಸ್‌ಗಿರಿ! ಅದು ಕೇಳುವುದಾದರೂ ಎಷ್ಟು? ತೆನೆ ಹೊರಡುವ ಹೊತ್ತಿಗೆ ಕೃಷಿಹೊಂಡದಿಂದ ಒಂದೆರಡು ನೀರು, ಹೂಳೆತ್ತಿದ ಕೆರೆ, ಕೈಕೊಟ್ಟರೆ ಆಸರೆಗೆ ಅಕ್ಕಡಿ ಸಾಲಿನ ಅವರೆ, ತೊಗರಿ. ಮಳೆಯನ್ನು ಮಿಲಿಮೀಟರಿನಲ್ಲೇ ಅಳೆಯಿರಿ, ಬೇಡವೆನ್ನುವುದಿಲ್ಲ. ಬರವನ್ನು ಮಾತ್ರ ಪೈರಿನ ವಯಸ್ಸು ನೋಡಿ ಅಳೆಯಿರಿ. ಪರಿಹಾರ ಕೊಡುವವರು ಒಣಗಿದ ದಿನಗಳನ್ನು ತೆನೆಯ ಪಕ್ಕದಲ್ಲಿ ನಿಂತು ಎಣಿಸಲಿ, ಕಚೇರಿಯಲ್ಲಿ ಕುಳಿತಲ್ಲ.