ಪಾದ್ರಿ ಬರಲಿಲ್ಲ, ಭೋಜನವೂ ಇಲ್ಲ!

ಮೊನ್ನೆ ಭಾನುವಾರ ದೊಡ್ಡಮ್ಮನ ಊರಿಗೆ ಹೋಗಿದ್ದೆ. ಅವತ್ತು ಅಲ್ಲಿನ ಚರ್ಚಿನಲ್ಲಿ ಕರ್ತನ ಭೋಜನ ಇತ್ತು. ಅಂದ್ರೆ, ಇರಬೇಕಿತ್ತು. ಸಭಾಪಾಲಕರಿಗೆ ಜ್ವರ. ಇನ್ನೂ ಮೂರು ಹಳ್ಳಿಗಳ ಸಭೆ ಅವರ ತಲೆ ಮೇಲೇ ಇದೆ, ಪಾಪ. ರೊಟ್ಟಿ ಇತ್ತು, ದ್ರಾಕ್ಷಾರಸ ಇತ್ತು, ಜನ ತುಂಬಿದ್ರು. ಮೂವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದ ದೊಡ್ಡಮ್ಮ ಮುಂದಿನ ಬೆಂಚಲ್ಲೇ ಕೂತಿದ್ರು. ಎರಡು ಹಾಡು, ಒಂದು ಪ್ರಾರ್ಥನೆ... ಎಲ್ಲರೂ ಮನೆಗೆ!

ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ. ನನಗೆ ಉರಿದದ್ದು ಅದಕ್ಕೇ.

ದೀಕ್ಷಾಸ್ನಾನ ಆದವರೆಲ್ಲ ಯಾಜಕರೇ, ವ್ಯತ್ಯಾಸ ಇರೋದು ಕೆಲಸದಲ್ಲಿ ಮಾತ್ರ ಅಂತ ಲೂಥರ್ ಬರೆದದ್ದು 1520ರಲ್ಲಿ. ಪ್ರೊಟೆಸ್ಟೆಂಟರಾದ ನಾವು ಅದನ್ನು ಹೆಮ್ಮೆಯಿಂದ ಹೇಳ್ತೀವಿ. ಆಮೇಲೆ ಪಾದ್ರಿ ಬರೋ ತನಕ ಕೈಕಟ್ಟಿ ಕೂರ್ತೀವಿ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿ.ಎಸ್.ಐ., ಹುಟ್ಟಿದಾಗ ಬಿಷಪ್ಪರು, ಹಿರಿಯರು, ಸಾಮಾನ್ಯ ಸಭಿಕರು ಮೂವರಿಗೂ ಜಾಗ ಇರಬೇಕು ಅಂತ ಒಪ್ಪಿಕೊಂಡೇ ಒಂದಾದದ್ದು. ಸಭಿಕರಿಗೆ ಸಿಕ್ಕಿದ ಜಾಗ ಯಾವುದಪ್ಪಾ ಅಂದ್ರೆ ಕಮಿಟಿ ಚುನಾವಣೆ! ಕಾಣಿಕೆ ಎಣಿಸೋಕೆ ನಾವು ಯೋಗ್ಯರು, ರೊಟ್ಟಿ ಮುರಿಯೋಕೆ ಅಲ್ಲ.

"ಎಲ್ಲರೂ ನಾಯಕರಾದ್ರೆ ಗಲಾಟೆ ಆಗುತ್ತೆ" ಅಂತಾರೆ. ಕೊರಿಂಥದ ಸಭೆಯಲ್ಲಿ ಗಲಾಟೆ ಆಗಿತ್ತು, ನಿಜ. ಒಬ್ಬರ ಮೇಲೊಬ್ಬರು ಮಾತಾಡ್ತಿದ್ರು. ಪೌಲ ಏನು ಮಾಡಿದ? ಒಬ್ಬನ ಕೈಗೆ ಎಲ್ಲ ಕೊಟ್ಟು ಉಳಿದವರು ಸುಮ್ಮನಿರಿ ಅಂದನಾ? ಒಬ್ಬೊಬ್ಬರಾಗಿ, ಸರದಿಯಲ್ಲಿ ಮಾತಾಡಿ ಅಂದ. ಹೆಂಗಸರು ಸುಮ್ಮನಿರಬೇಕು ಅಂತ ಅದೇ ಪತ್ರದ ಹದಿನಾಲ್ಕನೇ ಅಧ್ಯಾಯ ಹಿಡ್ಕೊಂಡು ಬರೋರಿದ್ದಾರೆ. ದಯವಿಟ್ಟು ಹನ್ನೊಂದನೇ ಅಧ್ಯಾಯವನ್ನೂ ಓದಿ ಸ್ವಾಮಿ, ಅಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥಿಸ್ತಾರೆ, ಪ್ರವಾದಿಸ್ತಾರೆ.

ಇದು ಆಗದ ಹೋಗದ ಮಾತೂ ಅಲ್ಲ. ಕ್ವೇಕರರು ಹದಿನೇಳನೇ ಶತಮಾನದಿಂದ ಮಾಡ್ತಾ ಬಂದಿದ್ದಾರೆ. ಅಷ್ಟು ದೂರ ಯಾಕೆ, ಆಂಟನಿ ನಾರಿಸ್ ಗ್ರೋವ್ಸ್ ಅನ್ನೋ ಇಂಗ್ಲಿಷ್ ಹಲ್ಲಿನ ಡಾಕ್ಟರು 1833ರಲ್ಲಿ ಭಾರತಕ್ಕೆ ಬಂದ. ಪಾದ್ರಿ ಪಟ್ಟ ಇಲ್ಲದವರೂ ಸೇರಿ ರೊಟ್ಟಿ ಮುರಿಯಬಹುದು ಅಂತ ನಂಬಿದ್ದವನು. ಅವನ ಪ್ರಭಾವಕ್ಕೆ ಒಳಗಾದ ಅರುಳಪ್ಪನ್ ಅನ್ನೋ ತಮಿಳರು ಮಿಷನ್ನಿನ ಸಂಬಳಕ್ಕೆ ಕಾಯದೆ ತಿರುನೆಲ್ವೇಲಿ ಕಡೆ ಸಭೆಗಳನ್ನು ಕಟ್ಟಿದ್ರು. ನಮ್ಮ ಸಂಡೇ ಸ್ಕೂಲಲ್ಲಿ ಕಿಟ್ಟೆಲ್, ಮೋಗ್ಲಿಂಗ್ ಹೆಸರು ಕಲಿಸಿದ್ರು, ಒಳ್ಳೇದೇ. ಅರುಳಪ್ಪನ್ ಹೆಸರು ನಾನು ಕೇಳಿದ್ದು ನಲವತ್ತು ದಾಟಿದ ಮೇಲೆ!

ಪಾದ್ರಿಗಳು ಬೇಡ ಅಂತ ನಾನು ಹೇಳ್ತಿಲ್ಲ. ಓದಿದವರು, ಕಲಿಸುವವರು ಬೇಕೇ ಬೇಕು. ಆದ್ರೆ ನಾಲ್ಕು ಊರಿಗೆ ಒಬ್ಬನನ್ನೇ ಓಡಿಸಿ, ಅವನು ಹಾಸಿಗೆ ಹಿಡಿದ್ರೆ ನಾಲ್ಕೂ ಊರಿನ ಮೇಜು ಖಾಲಿ ಬಿಡೋದು ಅವರಿಗೆ ತೋರಿಸೋ ಗೌರವ ಅಲ್ಲ.

ಸಂಜೆ ದೊಡ್ಡಮ್ಮನ್ನ ಕೇಳಿದೆ, "ನೀವೇ ನಡೆಸಬಹುದಿತ್ತಲ್ವಾ?"

"ಬರುತ್ತೆ ಕಣೋ, ಬಾಯಿಪಾಠ" ಅಂದ್ರು. ಆಮೇಲೆ ಎದ್ದು ಪಾದ್ರಿಗಳಿಗೆ ಗಂಜಿ ತಗೊಂಡು ಹೋದ್ರು.