ಬಾನೆಟ್ ಎತ್ತೋಕೆ ಭಯ ಯಾಕೆ?

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಮನೆ ಭಾಷೆ, ಬರೆಯೋ ಭಾಷೆ ಅಲ್ಲ. ಹಾಗಾಗಿ ಒತ್ತಕ್ಷರ ಎಲ್ಲಾದರೂ ಜಾರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಆದರೆ ಈ ವಿಷಯವನ್ನ ಕನ್ನಡದಲ್ಲೇ ಬರೀಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ, ಅದನ್ನ ಆಮೇಲೆ ಹೇಳ್ತೀನಿ.

ನಮ್ಮನೇಲಿ ಒಂದು 2002ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ನನಗಿಂತ ನಾಲ್ಕು ವರ್ಷ ದೊಡ್ಡದು, ಒಂದು ಲೆಕ್ಕಕ್ಕೆ ನನಗೆ ಅಣ್ಣ. ಅಪ್ಪ 2009ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗಿನ ಕಾರುಗಳ ಪಕ್ಕ ನಿಲ್ಲಿಸಿದ್ರೆ ಪುಟ್ಟದಾಗಿ, ತಗ್ಗಾಗಿ ಕಾಣುತ್ತೆ. ಏರ್‌ಬ್ಯಾಗ್ ಇಲ್ಲ, ಟಚ್ ಸ್ಕ್ರೀನ್ ಇಲ್ಲ. ಆದರೆ ಹೆಚ್ಚುಕಮ್ಮಿ ಒಂದು ಟನ್ ತೂಕದ ಗಾಡಿಗೆ 106 ಹಾರ್ಸ್‌ಪವರ್ ಎಂಜಿನ್. ಇದಾದ ಮೇಲೆ 2003ರ ಕೊನೆಗೆ ಬಂದ ಹೊಸ ಸಿಟಿಯ ಐ-ಡಿಎಸ್‌ಐ ಎಂಜಿನ್ ಕೊಡ್ತಿದ್ದಿದ್ದು 77. ಮೈಲೇಜ್ ಬೇಕು ಅನ್ನೋರಿಗೆ ಅದು ಸರಿ. ಗಾಡಿ ಓಡಿಸೋ ಖುಷಿ ಬೇಕು ಅನ್ನೋರು ಇವತ್ತಿಗೂ ಹಳೇ ವಿಟೆಕ್ ಹುಡುಕ್ತಾರೆ.

ಹೋದ ವರ್ಷ ಸೆಮ್ ರಜೆಯಲ್ಲಿ ಊರಿಗೆ ಹೋದಾಗ ಗಾಡಿ ಮಂಕಾಗಿತ್ತು. ಕೆಳಗಿನ ಆರ್‌ಪಿಎಂನಲ್ಲಿ ಸರಿ, ಮೇಲಕ್ಕೆ ಹೋದ್ರೆ ಎಳೆತವೇ ಇಲ್ಲ. ಚೆಕ್ ಎಂಜಿನ್ ಲೈಟ್ ಬೇರೆ ಉರೀತಿತ್ತು. ಅಪ್ಪ ತೋರಿಸಿದ ಗ್ಯಾರೇಜ್‌ನಲ್ಲಿ "ಎಂಜಿನ್ ಬಿಚ್ಚಬೇಕು ಸಾರ್, 38 ಸಾವಿರ ಆಗುತ್ತೆ. ಇಷ್ಟು ಹಳೇದಕ್ಕೆ ಯಾಕೆ ದುಡ್ಡು ಸುರೀತೀರಾ, ಕೊಟ್ಟುಬಿಡಿ" ಅಂದಿದ್ರಂತೆ. ಅಪ್ಪ ಅರ್ಧ ಮನಸ್ಸು ಮಾಡಿಬಿಟ್ಟಿದ್ರು. ಮನೆ ಲೆಕ್ಕವೂ ಹಾಗೇ ಇತ್ತು. ನನ್ನ ಫೀಸು, ತಂಗಿಯ ಪಿಯುಸಿ. ಜೊತೆಗೆ ಆರ್‌ಸಿ ರಿನ್ಯೂವಲ್. 15 ವರ್ಷ ದಾಟಿದ ಕಾರಿನ ರಿನ್ಯೂವಲ್ ಫೀ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ್ರೆ ಈಗ 10,000. ನಮ್ಮದಕ್ಕೆ 2027ರಲ್ಲಿ ಮತ್ತೆ ಮಾಡಿಸ್ಬೇಕು. "ಅಪ್ಪಾ, ಎರಡು ವಾರ ಟೈಮ್ ಕೊಡಿ, ನಾನು ನೋಡ್ತೀನಿ" ಅಂದೆ. ಅವರು ನಕ್ಕರು. ನಗಬೇಕಾದ್ದೇ. ಅಲ್ಲಿವರೆಗೆ ನಾನು ಆ ಗಾಡಿಗೆ ಮಾಡಿದ್ದ ದೊಡ್ಡ ಕೆಲಸ ಅಂದ್ರೆ ವೈಪರ್ ನೀರು ತುಂಬಿಸಿದ್ದು.

ಇಲ್ಲಿಂದ ಮುಂದೆ ಸ್ವಲ್ಪ ಟೆಕ್ನಿಕಲ್, ಆದರೆ ನಾವೆಲ್ಲ ಎಂಜಿನಿಯರಿಂಗ್‌ನವರೇ ತಾನೇ? ವಿಟೆಕ್ ಅಂದ್ರೆ ಏನು ಅಂತ ಸ್ಟಿಕ್ಕರ್ ಅಂಟಿಸ್ಕೊಂಡಿರೋರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕ್ಯಾಮ್‌ಶಾಫ್ಟ್ ಮೇಲೆ ಇನ್‌ಟೇಕ್ ವಾಲ್ವ್‌ಗಳಿಗೆ ಅಂತ ಎರಡು ಥರದ ಉಬ್ಬುಗಳಿರುತ್ತವೆ. ಒಂದು ಕಡಿಮೆ ಎತ್ತರದ್ದು, ಸಿಟಿ ಟ್ರಾಫಿಕ್‌ಗೆ. ಇನ್ನೊಂದು ಎತ್ತರದ್ದು, ವಾಲ್ವ್ ಜಾಸ್ತಿ ತೆರೆದು ಹೆಚ್ಚು ಗಾಳಿ ಒಳಗೆ ಬಿಡೋಕೆ. ಆರ್‌ಪಿಎಂ ಏರಿದಾಗ ಒಂದು ಸೊಲೆನಾಯ್ಡ್ ತೆರೆದು, ಎಂಜಿನ್ ಆಯಿಲ್‌ನ ಒತ್ತಡವನ್ನ ರಾಕರ್ ಆರ್ಮ್ ಒಳಗಿನ ಪಿನ್ ಮೇಲೆ ಬಿಡುತ್ತೆ. ಪಿನ್ ಸರಿದು ಆರ್ಮ್‌ಗಳು ಒಂದಕ್ಕೊಂದು ಲಾಕ್ ಆಗುತ್ತವೆ. ಆಮೇಲೆ ವಾಲ್ವ್‌ಗಳು ಎತ್ತರದ ಕ್ಯಾಮ್ ಹೇಳಿದ ಹಾಗೆ ಕೇಳ್ತವೆ. ಅಂದ್ರೆ ಇಡೀ ಮ್ಯಾಜಿಕ್ ನಡೆಯೋದು ಆಯಿಲ್ ಒತ್ತಡದಿಂದ. ಆಯಿಲ್ ಕಡಿಮೆ ಆದ್ರೆ ಅಥವಾ ದಾರಿ ಕಟ್ಟಿಕೊಂಡ್ರೆ ವಿಟೆಕ್ ಇಲ್ಲ.

ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಕೆಳಗಿನ ಗುರುತಿಗಿಂತ ಕೆಳಗಿತ್ತು. ಅಷ್ಟೇ ವಿಷಯ! ವಾಲ್ವ್ ಕವರ್ ಗ್ಯಾಸ್ಕೆಟ್ ಗಟ್ಟಿಯಾಗಿ, ಅಲ್ಲಿಂದ ಆಯಿಲ್ ಜಿನುಗಿ ಜಿನುಗಿ ಹೋಗಿತ್ತು. ಸ್ಪಾರ್ಕ್ ಪ್ಲಗ್ ಕೂರೋ ಗುಂಡಿಗಳಲ್ಲೂ ಆಯಿಲ್. ಸೊಲೆನಾಯ್ಡ್ ಬಿಚ್ಚಿದ್ರೆ ಅದರ ಸಣ್ಣ ಜಾಲರಿ ಕಪ್ಪು ಕೆಸರಿನಿಂದ ತುಂಬಿತ್ತು. ಬೆಂಗಳೂರಿನಲ್ಲಿರೋ ಕಸಿನ್‌ಗೆ ಫೋನ್ ಮಾಡಿ ಜೆ.ಸಿ. ರೋಡ್‌ನಿಂದ ಗ್ಯಾಸ್ಕೆಟ್ ಸೆಟ್ ತರಿಸಿದೆ. ಆಯಿಲ್, ಫಿಲ್ಟರ್, ನಾಲ್ಕು ಪ್ಲಗ್, ಗ್ಯಾಸ್ಕೆಟ್ ಎಲ್ಲ ಸೇರಿ ಸುಮಾರು 4,200 ರೂಪಾಯಿ. ಗೊತ್ತಿರೋರಿಗೆ ಅರ್ಧ ದಿನದ ಕೆಲಸ, ನನಗೆ ನಾಲ್ಕು ದಿನ ಹಿಡೀತು. ಐದನೇ ದಿನ ಸಂಜೆ ರಿಂಗ್ ರೋಡ್‌ನಲ್ಲಿ ಸೆಕೆಂಡ್ ಗೇರ್‌ನಲ್ಲಿ ಒತ್ತಿದಾಗ ಎಂಜಿನ್ ದನಿ ಬದಲಾಗಿ ಗಾಡಿ ಮುಂದಕ್ಕೆ ಹಾರಿತು. ಪಕ್ಕದಲ್ಲಿದ್ದ ಅಪ್ಪ ಏನೂ ಹೇಳಲಿಲ್ಲ, ಸೀಟ್ ಬೆಲ್ಟ್ ಒಂದು ಸಲ ಸರಿ ಮಾಡ್ಕೊಂಡ್ರು.

ಇಲ್ಲಿಗೆ ನಿಲ್ಲಿಸಿದ್ರೆ ಇದು "ನೋಡಿ ನಾನೆಷ್ಟು ಬುದ್ಧಿವಂತ" ಅನ್ನೋ ಲೇಖನ ಆಗ್ತಿತ್ತು. ಆದರೆ ಕಥೆಯಲ್ಲಿ ಇನ್ನೊಂದು ಭಾಗ ಇದೆ, ಅದನ್ನ ಮುಚ್ಚಿಟ್ಟರೆ ನಾನು ಕಳ್ಳ.

ಎಂಜಿನ್ ಸರಿಹೋದ ಹುಮ್ಮಸ್ಸಿನಲ್ಲಿ ಮುಂದಿನ ವಾರ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸ್ತೀನಿ ಅಂತ ಕೂತೆ. ಹೊಸ ಪ್ಯಾಡ್ ದಪ್ಪ ಇರುತ್ತೆ, ಹಾಗಾಗಿ ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದಕ್ಕೆ ತಳ್ಳಬೇಕು. ತಳ್ಳಿದೆ. ಪ್ಯಾಡ್ ಕೂರಿಸಿದೆ. ಚಕ್ರ ಹಾಕಿದೆ. ಹೀಗೆ ತಳ್ಳಿದ ಮೇಲೆ ಗಾಡಿ ಕದಲಿಸೋ ಮುಂಚೆ ಪೆಡಲ್ ಹತ್ತಾರು ಸಲ ಒತ್ತಬೇಕು, ಆಗಲೇ ಪಿಸ್ಟನ್ ಮತ್ತೆ ಪ್ಯಾಡ್ ಹತ್ತಿರ ಬರೋದು. ಅದನ್ನ ಓದಿದ್ದೆ. ಮರೆತೆ. ನಮ್ಮ ಮನೆ ಪೋರ್ಟಿಕೋ ರಸ್ತೆ ಕಡೆಗೆ ಇಳಿಜಾರು. ರಿವರ್ಸ್ ಹಾಕಿ ಬಿಟ್ಟೆ. ತಂಗಿ ಗೇಟ್ ತೆಗೆಯೋಕೆ ಹಿಂದೆ ನಿಂತಿದ್ಲು. ಬ್ರೇಕ್ ಒತ್ತಿದೆ, ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಏನೂ ಹಿಡೀಲಿಲ್ಲ. ಕೈ ತಾನಾಗೇ ಹ್ಯಾಂಡ್‌ಬ್ರೇಕ್ ಎಳೀತು. ಅದು ಹಿಂದಿನ ಡ್ರಮ್‌ಗಳಿಗೆ ಕೇಬಲ್‌ನಿಂದ ಕೆಲಸ ಮಾಡೋದು, ಅದಕ್ಕೇ ಹಿಡೀತು. ಗಾಡಿ ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು.

ಅವಳಿಗೆ ಏನಾಯ್ತು ಅಂತಾನೇ ಗೊತ್ತಾಗಲಿಲ್ಲ. "ಏನೋ, ನಿಧಾನಕ್ಕೆ ತೆಗೆಯೋಕಾಗಲ್ವಾ?" ಅಂದ್ಲು. ನನಗೆ ಕೈಕಾಲು ನಡುಗಿ ಗಾಡಿಯಿಂದ ಇಳಿಯೋಕೇ ಆಗ್ಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಬೈಗುಳ ನಿರೀಕ್ಷೆ ಮಾಡಿದ್ದೆ. ಅವರು ತಟ್ಟೆ ನೋಡ್ತಾ "ಸ್ಪ್ಯಾನರ್ ಎಲ್ಲಾ ಡಬ್ಬಕ್ಕೆ ಹಾಕಿ ಮೇಲಿಡು" ಅಂದ್ರು. ಎರಡು ತಿಂಗಳು ಅದು ಅಟ್ಟದ ಮೇಲೇ ಇತ್ತು.

ಹಾಗಾದ್ರೆ ನನ್ನ ವಾದ ಏನು? ರಿಪೇರಿ ಗೊತ್ತಿರೋರಿಗೆ ಬಿಟ್ಟು ನಾವು ಸುಮ್ಮನಿರಬೇಕಾ? ನನ್ನ ಪ್ರಕಾರ ಇಲ್ಲ. ಆ ಸಂಜೆ ಆದಮೇಲೂ ಇಲ್ಲ.

ಫಸ್ಟ್ ಇಯರ್ ವರ್ಕ್‌ಶಾಪ್ ನೆನಪು ಮಾಡ್ಕೊಳ್ಳಿ. ಎಂ.ಎಸ್. ಪ್ಲೇಟ್ ಉಜ್ಜಿ ಉಜ್ಜಿ ವಿ-ಫಿಟ್ಟಿಂಗ್. ಎಷ್ಟು ಜನ ಸೀನಿಯರ್ ಕೊಟ್ಟ ಪೀಸನ್ನೇ ಮತ್ತೆ ಒಪ್ಪಿಸಿದ್ವಿ? ಕೈ ಎತ್ತಬೇಡಿ, ನಾನೂ ಒಬ್ಬ. ಟಾರ್ಕ್ ಅಂದ್ರೆ ಬಲ ಗುಣಿಸು ದೂರ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡ್ವಿ. ನಮ್ಮ ಸಿಟಿಯ ಚಕ್ರದ ನಟ್‌ಗೆ 108 ನ್ಯೂಟನ್-ಮೀಟರ್ ಬೇಕು. ಅಂದ್ರೆ 30 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಗೆ ಸುಮಾರು 37 ಕೆ.ಜಿ. ನೇತುಹಾಕಿದಷ್ಟು. ಅದೇ ಸ್ಪಾರ್ಕ್ ಪ್ಲಗ್‌ಗೆ 18 ಸಾಕು, ಆರು ಕೆ.ಜಿ. ಚಿಲ್ಲರೆ. ಅಲ್ಯುಮಿನಿಯಂ ಹೆಡ್‌ನಲ್ಲಿ ಅದಕ್ಕಿಂತ ಜಾಸ್ತಿ ಶಕ್ತಿ ತೋರಿಸಿದ್ರೆ ಥ್ರೆಡ್ ಹೋಗುತ್ತೆ. ಈ ವ್ಯತ್ಯಾಸ ಕೈಗೆ ಗೊತ್ತಾಗಬೇಕು. ನೋಟ್ಸ್ ಓದಿದ್ರೆ ಕೈಗೆ ಬರಲ್ಲ.

"ಟೈಮ್ ಎಲ್ಲಿದೆ? ಪ್ಲೇಸ್‌ಮೆಂಟ್‌ಗೆ ಓದಬೇಕು" ಅನ್ನೋರಿಗೆ ಒಂದು ಮಾತು. ಒಂದು ಕಾಯಿಲೆ ಹಿಡಿದ ಗಾಡಿ ಮುಂದೆ ಕೂತು, ಏನು ಇರಬಹುದು, ಯಾವುದನ್ನ ಮೊದಲು ನೋಡಬೇಕು, ಯಾವುದು ಅಗ್ಗ, ಯಾವುದು ದುಬಾರಿ ಅಂತ ಯೋಚಿಸೋದೇ ಡೀಬಗ್ಗಿಂಗ್. ನನಗೆ 38 ಸಾವಿರದ ಅಂದಾಜು ಹೇಳಿದವರು ಮೋಸಗಾರರು ಅಂತ ನಾನು ಹೇಳಲ್ಲ. ಬಹುಶಃ ಅವರೂ ಡಿಪ್‌ಸ್ಟಿಕ್ ಎಳೆಯದೇ ದೊಡ್ಡದನ್ನ ಊಹಿಸಿದ್ರು. ನಮಗೆ ಅಷ್ಟಾದ್ರೂ ಗೊತ್ತಿದ್ರೆ "ಅಣ್ಣ, ಆಯಿಲ್ ಲೆವೆಲ್ ನೋಡಿದ್ರಾ?" ಅಂತ ಕೇಳಬಹುದು. ಕೇಳೋಕೆ ಬಾರದವರ ಜೇಬು ಯಾವತ್ತೂ ಹಗುರ.

ಹೊಸ ಗಾಡಿಗಳಲ್ಲಿ ಬಾನೆಟ್ ಎತ್ತಿದ್ರೆ ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣಲ್ಲ, ಉಳಿದಿದ್ದೆಲ್ಲ ಲ್ಯಾಪ್‌ಟಾಪ್ ಕೆಲಸ. ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್‌ಗೆ ಅಂತ ಸಮಿತಿ ಮಾಡಿದಾಗ ಮೊಬೈಲ್, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಸೇರಿಸ್ತು. ಒಳ್ಳೇದೇ. ಆದರೆ ಹಕ್ಕು ಸಿಕ್ಕ ದಿನ ಅದನ್ನ ಬಳಸೋ ಕೈ ಬೇಡವಾ? ಕಲಿಯೋಕೆ ಹಳೇ ಗಾಡಿಯಷ್ಟು ಒಳ್ಳೆ ಮೇಷ್ಟ್ರು ಇಲ್ಲ, ಎಲ್ಲಾ ಕಣ್ಣಿಗೆ ಕಾಣುತ್ತೆ, ಹತ್ತು-ಹನ್ನೆರಡರ ಸ್ಪ್ಯಾನರ್‌ಗೆ ಅರ್ಧ ಗಾಡಿ ಬಿಚ್ಚುತ್ತೆ.

ಈಗ ನನ್ನ ಗೆರೆ ಎಲ್ಲಿದೆ ಅಂತ ಹೇಳ್ತೀನಿ. ಆಯಿಲ್, ಫಿಲ್ಟರ್, ಪ್ಲಗ್, ಬ್ಯಾಟರಿ, ಕೂಲೆಂಟ್, ಬಲ್ಬು ಇವು ನಮ್ಮ ಕೆಲಸ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಪೆಟ್ರೋಲ್ ಹೋಸ್‌ಗಳನ್ನ ಆಗಾಗ ಬಗ್ಗಿ ನೋಡಿ. ಈಗ ಬಂಕ್‌ನಲ್ಲಿ ಬರೋದು ಇ20, ಈ ಗಾಡಿಗಳ ರಬ್ಬರ್ ಅದಕ್ಕೆ ಅಂತ ಮಾಡಿದ್ದಲ್ಲ. ಬಿರುಕು ಕಂಡ್ರೆ, ಪೆಟ್ರೋಲ್ ವಾಸನೆ ಬಂದ್ರೆ ಗ್ಯಾರೇಜ್‌ಗೆ ಒಯ್ಯಿರಿ. ಬ್ರೇಕ್ ಕೆಲಸ ಗೊತ್ತಿರೋರು ಪಕ್ಕದಲ್ಲಿ ನಿಂತು ನೋಡ್ತಿದ್ರೆ ಮಾತ್ರ. ಟೈಮಿಂಗ್ ಬೆಲ್ಟ್ ಕಲಿಯೋವರೆಗೆ ಬೇಡ, ಹಲ್ಲು ತಪ್ಪಿದ್ರೆ ಪಿಸ್ಟನ್ ವಾಲ್ವ್‌ಗೆ ಹೊಡೆದು ಎಂಜಿನ್ನೇ ಹೋಗಬಹುದು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಯಾವತ್ತೂ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಹಳೇ ಆಯಿಲ್ ಚರಂಡಿಗೆ ಸುರಿಯೋದು ಪಾಪದ ಕೆಲಸ, ಕ್ಯಾನ್‌ನಲ್ಲಿ ತುಂಬಿ ಗ್ಯಾರೇಜ್‌ಗೆ ಕೊಡಿ.

ಇನ್ನು ಕನ್ನಡದ ವಿಷಯ. ಎರಡು ತಿಂಗಳಾದ ಮೇಲೆ ಅಪ್ಪ ಡಬ್ಬ ಕೆಳಗಿಳಿಸಿದ್ರು, ಒಂದು ಷರತ್ತಿನ ಮೇಲೆ: ನಮ್ಮ ಬೀದಿ ಕೊನೆಯ ಸಣ್ಣ ಗ್ಯಾರೇಜ್‌ನ ಅಣ್ಣನ ಹತ್ತಿರ ರಜೆ ದಿನ ಕೂತು ಕಲೀಬೇಕು. ಮೊದಲ ದಿನ ಹೋಗಿ "ಅಣ್ಣ, ಫ್ರಂಟ್‌ನಿಂದ ನಾಯ್ಸ್ ಬರ್ತಿದೆ" ಅಂದೆ. "ಯಾವ ಥರ ಶಬ್ದ ತಮ್ಮಾ? ಟಕಟಕ ಅನ್ನುತ್ತಾ, ಗೊರ್ ಅನ್ನುತ್ತಾ, ಕಿರ್ ಅನ್ನುತ್ತಾ?" ಅಂದ್ರು. ನಾನು ಬಾಯಿ ಬಿಟ್ಟೆ. ಎಂಜಿನ್ ಮೇಲೆ ಟಕಟಕ ಅಂದ್ರೆ ಟ್ಯಾಪೆಟ್ ಗ್ಯಾಪ್. ಚಕ್ರದಿಂದ ಗೊರ್ ಅಂತ ಸ್ಪೀಡ್ ಜೊತೆ ಏರಿದ್ರೆ ಬೇರಿಂಗ್. ಸ್ಟಾರ್ಟ್ ಮಾಡಿದಾಗ ಕಿರ್ ಅಂದ್ರೆ ಬೆಲ್ಟ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದ್ರೆ ಆಕ್ಸೆಲ್ ಜಾಯಿಂಟ್. ನಮ್ಮಜ್ಜಿ ಕಥೆ ಹೇಳುವಾಗ ಬಳಸ್ತಿದ್ದ ಪದಗಳೇ ಇಲ್ಲಿ ಗಾಡಿಯ ನಾಡಿ ಹಿಡಿಯೋ ಸಾಧನ! ನನ್ನ ಇಂಗ್ಲಿಷ್ "ನಾಯ್ಸ್" ಅಲ್ಲಿ ನಾಲ್ಕು ಕಾಸಿಗೂ ಬರಲಿಲ್ಲ. ಅವತ್ತು ಅವರ ಮುಂದೆ ಬ್ರೇಕ್ ಕಥೆಯನ್ನೂ ಹೇಳಿದೆ. ನಗಲಿಲ್ಲ. "ನಾನೂ ಮಾಡಿದ್ದೀನಿ" ಅಂದು, ಈಗ ಪ್ರತಿ ಸಲ ಬ್ರೇಕ್ ಕೆಲಸ ಮುಗಿದ ಮೇಲೆ ಪೆಡಲ್ ಒತ್ತೋವರೆಗೆ ಕೀ ತಮ್ಮ ಜೇಬಲ್ಲೇ ಇಟ್ಕೊಳ್ಳೋದನ್ನ ತೋರಿಸಿದ್ರು. ನಾನೂ ಅದನ್ನೇ ಮಾಡ್ತೀನಿ.

ಹಾಗಾಗಿ ನನ್ನದೊಂದು ಸಲಹೆ. ನಮ್ಮ ಆಟೊಮೊಬೈಲ್ ಲ್ಯಾಬ್‌ನಲ್ಲಿ ಒಂದು ಹಳೇ ಪೆಟ್ರೋಲ್ ಎಂಜಿನ್ ಇದೆ, ಮುಟ್ಟಬೇಡಿ ಅನ್ನೋ ಬೋರ್ಡ್ ಸಮೇತ. ಕನ್ನಡ ಸಂಘದಿಂದಲೇ ಎಚ್‌ಒಡಿಗೆ ಒಂದು ಪತ್ರ ಕೊಡೋಣ. ತಿಂಗಳಿಗೆ ಒಂದು ಶನಿವಾರ ಆ ಬೋರ್ಡ್ ತೆಗೆಸಿ, ಹತ್ತಿರದ ಗ್ಯಾರೇಜ್‌ನಿಂದ ಒಬ್ಬ ಮೆಕ್ಯಾನಿಕ್ ಅಣ್ಣನನ್ನ ಗೌರವಧನ ಕೊಟ್ಟು ಕರೆಸೋಣ. ಅವರು ಕನ್ನಡದಲ್ಲಿ ಹೇಳಿಕೊಡಲಿ, ನಾವು ಬಿಚ್ಚೋಣ, ಜೋಡಿಸೋಣ, ತಪ್ಪು ಮಾಡೋಣ. ತಪ್ಪು ಮಾಡೋಕೆ ಇಳಿಜಾರಿನ ಪೋರ್ಟಿಕೋಗಿಂತ ಲ್ಯಾಬ್ ಒಳ್ಳೇ ಜಾಗ. ಸಿಎಸ್‌ನವರೂ ಬರಬಹುದು, ಸಿವಿಲ್‌ನವರೂ ಬರಬಹುದು. ಹುಡುಗೀರೂ ಬರಲಿ. ನನ್ನ ತಂಗಿಗೆ ಈಗ ಚಕ್ರ ಬದಲಾಯಿಸೋಕೆ ಬರುತ್ತೆ, ನನಗಿಂತ ಬೇಗ ಮಾಡ್ತಾಳೆ.

ಪತ್ರ ನಾನೇ ಬರೀತೀನಿ. ಒತ್ತಕ್ಷರ ಯಾರಾದ್ರೂ ನೋಡಿಕೊಡಿ. ಸಹಿ ಹಾಕೋಕೆ ಎಷ್ಟು ಜನ ರೆಡಿ?