ಲಿಥಿಯಂ ಸುದ್ದಿಯೂ ಎರಡೆಕರೆ ಹೊಲವೂ

ಮಂಡ್ಯದ ಕಡೆಯ ಹೋಟೆಲ್ ಕಾರ್ಮಿಕ ಬಂಧುವೊಬ್ಬರು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಊರಿನಲ್ಲಿ ಲಿಥಿಯಂ ಸಿಕ್ಕಿದೆಯಂತೆ, ತಂದೆಯವರ ಎರಡೆಕರೆ ಹೊಲವನ್ನು ದಲ್ಲಾಳಿಯೊಬ್ಬ ಕೇಳುತ್ತಿದ್ದಾನೆ, ಕೊಡಬಹುದೇ ಎಂಬುದು ಅವರ ಪ್ರಶ್ನೆ. ಇದು ಇನ್ನೂ ಹಲವರ ಪ್ರಶ್ನೆಯಾಗಿರಬಹುದಾದುದರಿಂದ ಇಲ್ಲಿಯೇ ಉತ್ತರಿಸುವೆವು.

ಕರ್ನಾಟಕದ ನೆಲವು ಒಂದೇ ಬಂಡೆಯಲ್ಲ. ಪೂರ್ವ ಪಶ್ಚಿಮಗಳ ಎರಡು ಪುರಾತನ ಶಿಲಾಖಂಡಗಳು ಕೂಡಿದ ಜಾಡು ಗದಗಿನ ಕಡೆಯಿಂದ ಚಿತ್ರದುರ್ಗವನ್ನು ಹಾದು ಶ್ರೀರಂಗಪಟ್ಟಣದತ್ತ ಸಾಗಿದೆ. ಇಂಥ ಬಿರುಕುಗಳಲ್ಲಿ ಆಳದ ಬಿಸಿನೀರು ಹೊತ್ತು ತಂದ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ ಉಳಿಯುತ್ತದೆ. ಕಪ್ಪತಗುಡ್ಡದ ಮೇಲೆ ಚಿನ್ನದ ಕಂಪನಿಗಳ ಕಣ್ಣು ಬಿದ್ದುದು ಇದರಿಂದಲೇ. ಲಿಥಿಯಮ್ಮಾದರೋ, ಕರಗಿದ ಶಿಲೆಯ ಕಟ್ಟಕಡೆಯ ಪಾಕವು ದಪ್ಪ ಹರಳುಗಳಾಗಿ ಹೆಪ್ಪುಗಟ್ಟಿದ ಪೆಗ್ಮಟೈಟ್ ಕಲ್ಲಿನಲ್ಲಿರುವುದು. ನಮ್ಮ ಜೇಬಿನ ಫೋನಿಗೂ, ಇಲ್ಲಿಯೇ ಆಕುರ್ಡಿಯಲ್ಲಿ ತಯಾರಾಗುವ ವಿದ್ಯುತ್ ಸ್ಕೂಟರಿಗೂ ಅದರ ಬ್ಯಾಟರಿಯೇ ಜೀವಾಳ.

2020ರಲ್ಲಿ ಪತ್ರಿಕೆಗಳು ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣದಲ್ಲಿ 14,100 ಟನ್ ಲಿಥಿಯಂ ಇದೆಯೆಂದು ಸಾರಿದವು. 2021ರಲ್ಲಿ ಸರ್ಕಾರವು ಸಂಸತ್ತಿಗೆ ತಿಳಿಸಿದುದು 1,600 ಟನ್. ಅದೂ ಅಂದಾಜಿನ ಲೆಕ್ಕ. ವರ್ಷಗಟ್ಟಲೆ ಗಲ್ಲಾದ ಮೇಲೆ ಕುಳಿತು ಬಂದವರು ನಾವು. ಬಾಯಿಲೆಕ್ಕಕ್ಕೂ ಸಂಜೆ ಎಣಿಸುವ ರೊಕ್ಕಕ್ಕೂ ಇರುವ ಅಂತರ ನಮಗೆ ಹೊಸದಲ್ಲ. (ಪತ್ರಿಕೆಯವರಾದ ಮೇಲೂ ಇದನ್ನು ಮರೆತಿಲ್ಲ.)

ಇನ್ನು, ನಿಜವಾಗಿ ಸಿಕ್ಕ ಚಿನ್ನದ ಕಥೆ. ಕೋಲಾರದ ಗಣಿಗೆ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ, ಬೆಂಗಳೂರಿಗಿಂತ ಮೊದಲೇ ಹೋಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜನ ದುಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದುದು ಸಯನೈಡ್ ಮಣ್ಣಿನ ದಿಬ್ಬಗಳು, ಮತ್ತು ಕೆಲಸಕ್ಕಾಗಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಓಡುವ ಮಕ್ಕಳು. ಹಟ್ಟಿಯ ಗಣಿ ನಡೆದಿದೆಯೆಂಬುದು ಸಮಾಧಾನ.

2023ರ ತಿದ್ದುಪಡಿಯಿಂದ ಲಿಥಿಯಂ ಗಣಿಯು ಖಾಸಗಿಯವರಿಗೂ ಹರಾಜಿನಲ್ಲಿ ದೊರೆಯುವಂತಾಗಿದೆ. ಗಣಿ ಬಾಧಿತರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವೆಂಬ ನಿಧಿ 2015ರ ಕಾನೂನಿನಲ್ಲಿದೆ. ಅಗೆಯುವ ಮೊದಲೇ ಆ ಊರಿನ ಹುಡುಗರಿಗೆ ತಾಂತ್ರಿಕ ಶಿಕ್ಷಣವನ್ನೂ ಕೆಲಸದ ಲಿಖಿತ ಭರವಸೆಯನ್ನೂ ಕೊಡಬೇಕೆಂದು ನಾವು ಕರ್ನಾಟಕ ಸರ್ಕಾರವನ್ನು ಒತ್ತಾಯಿಸುವೆವು. ಗಣಿ ಬಂದರೆ ನೆಲ ಕಳೆದುಕೊಳ್ಳುವವರು ಅವರು. ತಟ್ಟೆ ತೊಳೆಯಲು ಪುಣೆಗೆ ಬರಬೇಕಾದವರೂ ಅವರೇ ಆಗಬಾರದು.

ಬಂಧುಗಳಿಗೆ ನಾವು ಹೇಳಿದುದಿಷ್ಟು: ಗಣಿಯ ಗುತ್ತಿಗೆ ಕೊಡುವುದು ಸರ್ಕಾರ, ದಲ್ಲಾಳಿಯಲ್ಲ. ತಾಲ್ಲೂಕು ಕಚೇರಿಯಿಂದ ನಿಮ್ಮ ಸರ್ವೆ ನಂಬರಿಗೆ ನೋಟೀಸು ಬರುವ ತನಕ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿರೆಂದು ತಂದೆಯವರಿಗೆ ಇಂದೇ ಫೋನು ಮಾಡಿರಿ. ಅವರು ನಮ್ಮೆದುರಿಗೇ ಮಾಡಿದರು.